ಆ ಹೊತ್ತಿಗೆ ಪಕ್ಕದಲ್ಲೇ ಇರಿ
ಮುದಿ ನಾಯಿಗೆ ಇಂಜೆಕ್ಷನ್ ಕೊಡಿಸಿ ಸಾಯಿಸುವುದು ಪಾಪ ಅಂತ ಒಬ್ಬ ಲೇಖಕರು ಬರೆದಿದ್ದಾರೆ. ನಾನಂತೂ ಒಪ್ಪಲ್ಲ. ನಮ್ಮ ನಾಯಿ ರಾಜನ ಕಿಡ್ನಿ ಕೈಕೊಟ್ಟಿತ್ತು. ಬೆಲ್ಲದ ಡಬ್ಬಿ ಸದ್ದಿಗೇ ಓಡಿ ಬರುತ್ತಿದ್ದವನು ಗಂಜಿ ಮೂಸಿ ಮುಖ ತಿರುಗಿಸುತ್ತಿದ್ದ. ಹಿಂಗಾಲು ಎಳೆದುಕೊಂಡಾದರೂ ಉಚ್ಚೆಗೆ ಅಂಗಳಕ್ಕೇ ಹೋಗಬೇಕು, ಅಷ್ಟು ಮರ್ಯಾದಸ್ಥ! ಡಾಕ್ಟರು ಮೊದಲು ಮಂಪರು ಬರಿಸಿ, ಆಮೇಲೆ ಅರಿವಳಿಕೆ ಔಷಧಿಯನ್ನೇ ಹೆಚ್ಚು ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟರು. ಅಮ್ಮ ಅವನ ತಲೆ ತೊಡೆ ಮೇಲಿಟ್ಟುಕೊಂಡು ಕಿವಿ ಸವರುತ್ತಲೇ ಇದ್ದಳು. ಪ್ರಾಣ ಹೋದ ಮೇಲೂ ಕಣ್ಣು ತೆರೆದೇ ಇರುತ್ತದೆ, ಒಮ್ಮೊಮ್ಮೆ ಮೈ ಅದುರುತ್ತದೆ. ಮೊದಲೇ ಗೊತ್ತಿದ್ದರೆ ಗಾಬರಿಯಾಗಲ್ಲ. ಹೂಳುವ ಗುಂಡಿ ಆಳವಾಗಿರಲಿ, ಬಾವಿಯಿಂದ ದೂರವಿರಲಿ. ಔಷಧಿ ಮೈಯಲ್ಲೇ ಉಳಿದಿರುತ್ತದೆ, ಬೇರೆ ನಾಯಿ ನರಿ ಕೆದರಿ ತಿಂದರೆ ಅವುಗಳ ಜೀವಕ್ಕೂ ಕುತ್ತು.