‘ಮೇಕ್ ಅಂದ್ರೆ ಸೃಷ್ಟಿ, ಡೂ ಅಂದ್ರೆ ಕೆಲಸ’ ಅನ್ನೋ ಸುಳ್ಳು ಇನ್ನೆಷ್ಟು ದಿನ?

ಇಂಗ್ಲಿಷ್ ಗ್ರಾಮರ್ ಗೈಡುಗಳಲ್ಲಿ ಮತ್ತೆ ಮತ್ತೆ ಅದೇ ಸಾಲು: ಹೊಸದೇನಾದರೂ ಹುಟ್ಟಿದರೆ ‘ಮೇಕ್’, ಬರೀ ಕೆಲಸವಾದರೆ ‘ಡೂ’. ಹಾಗಾದರೆ ‘ಮೇಕ್ ಎ ಫೋನ್ ಕಾಲ್’ನಲ್ಲಿ ಹುಟ್ಟಿದ್ದೇನು? ಹೊಸ ಚಿತ್ರವೇ ಹುಟ್ಟುವಾಗ ‘ಡೂ ಎ ಡ್ರಾಯಿಂಗ್’ ಯಾಕೆ? ಇಂಥ ಕ್ರಿಯಾಪದ-ನಾಮಪದ ಜೋಡಿಗಳಲ್ಲಿ ಅರ್ಥದ ಭಾರವೆಲ್ಲ ನಾಮಪದದ ಮೇಲೆ. ಕ್ರಿಯಾಪದ ಮುಖ್ಯವಾಗಿ ಕಾಲ ತೋರಿಸೋಕೆ ಇರೋದು, ಅದಕ್ಕೇ ಅದು ‘ಲೈಟ್ ವರ್ಬ್’, ಅಂದರೆ ಹಗುರ ಕ್ರಿಯಾಪದ. ಡೆನ್ಮಾರ್ಕಿನ ಭಾಷಾವಿಜ್ಞಾನಿ ಒಟ್ಟೊ ಯೆಸ್ಪರ್ಸನ್ ಬಳಸಿದ ಈ ಹೆಸರು 1942ರಿಂದ ಇದೆ, ಗೈಡುಗಳಿಗೆ ಇನ್ನೂ ಮುಟ್ಟಿಲ್ಲ!

ಹೊಟ್ಟೆ ಉರಿಸೋದು ‘ಹ್ಯಾವ್’. ‘ಹ್ಯಾವ್‌ಗೆ ಇಂಗ್ ಹಚ್ಚಲೇಬಾರದು’ ಅಂತ ಬಾಯಿಪಾಠ ಮಾಡಿಸ್ತಾರೆ. ‘ಐ ಆಮ್ ಹ್ಯಾವಿಂಗ್ ಎ ಕಾರ್’ ತಪ್ಪು, ಒಪ್ಪೋಣ. ಅಲ್ಲಿ ‘ಹ್ಯಾವ್’ ಅಂದರೆ ಒಡೆತನ, ಅದೊಂದು ಸ್ಥಿತಿ. ಆದರೆ ‘ಐ ಆಮ್ ಹ್ಯಾವಿಂಗ್ ಎ ಬಾತ್’ ನೂರಕ್ಕೆ ನೂರು ಸರಿ, ಸ್ನಾನ ನಡೀತಿರೋ ಕ್ರಿಯೆ. ಈ ಒಂದು ವ್ಯತ್ಯಾಸ ಹೇಳದೆ ಸರಿಯಾದ ವಾಕ್ಯಕ್ಕೆ ಅಂಕ ಕಡಿಯೋದು ಅನ್ಯಾಯ. ‘ಟೇಕ್ ಎ ಬಾತ್’ ಬರೆದರೂ ಕೆಂಪು ಗೆರೆ! ಬ್ರಿಟಿಷರು ಹೆಚ್ಚಾಗಿ ‘ಹ್ಯಾವ್’ ಅಂತಾರೆ, ಅಮೆರಿಕನ್ನರು ‘ಟೇಕ್’. ಎರಡೂ ಸರಿ. ‘ಟೇಕ್ ಎ ಡಿಸಿಷನ್’ ಕೂಡ ಬ್ರಿಟಿಷ್ ಇಂಗ್ಲಿಷಿನಲ್ಲಿ ಸಲ್ಲುತ್ತೆ.

ಇನ್ನು ಪ್ರಿಪೋಸಿಷನ್. ‘ಡಿಸ್ಕಸ್ ಅಬೌಟ್ ದ ಪ್ಲಾನ್’ ತಪ್ಪು ಅಂತ ಗದರೋರು, ‘ಹ್ಯಾವ್ ಎ ಡಿಸ್ಕಷನ್’ ಆದಾಗ ಅದೇ ‘ಅಬೌಟ್’ ಬೇಕಾಗುತ್ತೆ ಅಂತ ಯಾಕೆ ಹೇಳಲ್ಲ? ‘ವಿಸಿಟ್ ದೆಮ್’, ಆದರೆ ‘ಪೇ ಎ ವಿಸಿಟ್ ಟು ದೆಮ್’. ‘ಅಟ್ಯಾಕ್ ದ ಫೋರ್ಟ್’, ಆದರೆ ‘ಮೇಕ್ ಆನ್ ಅಟ್ಯಾಕ್ ಆನ್ ದ ಫೋರ್ಟ್’. ಕ್ರಿಯಾಪದ ನೇರವಾಗಿ ಕರ್ಮ ಹಿಡಿಯುತ್ತೆ. ನಾಮಪದಕ್ಕೆ ಅದಾಗಲ್ಲ, ನಡುವೆ ಒಂದು ಕೊಂಡಿ ಬೇಕು. ಎರಡು ವಾಕ್ಯದಲ್ಲಿ ಮುಗಿಯೋ ವಿವರಣೆ ಇದು, ಅದಕ್ಕೂ ಜಾಗ ಇಲ್ಲವಂತೆ.

ಪಟ್ಟಿಗಳದ್ದು ಇನ್ನೊಂದು ಕರ್ಮ. ‘ಟೇಕ್: ರಿಸ್ಕ್, ಕೇರ್, ಪಾರ್ಟ್, ಫೋಟೋ’ ಅಂತ ಬರೀ ನಾಮಪದ ಸುರಿದುಬಿಡ್ತಾರೆ. ‘ಟೇಕ್ ಎ ರಿಸ್ಕ್’, ‘ಟೇಕ್ ಎ ಫೋಟೋ’ಗೆ ‘ಎ’ ಬೇಕು, ‘ಟೇಕ್ ಕೇರ್’, ‘ಟೇಕ್ ಪಾರ್ಟ್’ಗೆ ಬೇಡ. ಆ ಪಟ್ಟಿ ನೋಡಿ ಕಲಿತವರಿಗೆ ಇದು ಹೇಗೆ ಗೊತ್ತಾಗಬೇಕು? ‘ಟೇಕ್ ಕೇರ್ ಆಫ್’, ‘ಟೇಕ್ ಪಾರ್ಟ್ ಇನ್’, ‘ಟೇಕ್ ಎ ಫೋಟೋ ಆಫ್’ ಅಂತ ಇಡಿಯಾಗಿ ಅಚ್ಚು ಹಾಕಿ. ಹೆಚ್ಚೆಂದರೆ ಅರ್ಧ ಪುಟ ಜಾಸ್ತಿಯಾಗುತ್ತೆ.