ಮಗಳ ಕನ್ನಡ ಆಟಕ್ಕುಂಟು, ಲೆಕ್ಕಕ್ಕಿಲ್ಲ

ಎರಡು ದಿನದಿಂದ ಸಿಟ್ಟು ಇಳಿದಿಲ್ಲ. ಬರೆದಾದರೂ ಇಳಿಯುತ್ತೇನೋ ನೋಡೋಣ ಅಂತ ಕೂತಿದ್ದೇನೆ.

ನನ್ನ ಮಗಳು ಇಲ್ಲಿ ಅಮೆರಿಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಬಯಾಲಜಿ ಓದುತ್ತಿದ್ದಾಳೆ. ಡಿಗ್ರಿ ಸಿಗಬೇಕಾದರೆ ಇಂಗ್ಲಿಷ್ ಬಿಟ್ಟು ಇನ್ನೊಂದು ಭಾಷೆ ಬರಬೇಕು ಅಂತ ನಿಯಮ. ನಾಲ್ಕು ಸೆಮಿಸ್ಟರ್ ಓದಬೇಕು, ಇಲ್ಲವಾದರೆ ಅಷ್ಟು ಭಾಷೆ ಬರುತ್ತದೆ ಅಂತ ಪ್ಲೇಸ್‌ಮೆಂಟ್ ಪರೀಕ್ಷೆಯಲ್ಲಿ ತೋರಿಸಬೇಕು. ನಿಯಮ ಒಳ್ಳೆಯದೇ. ಅದನ್ನು ಓದಿದಾಗ ಖುಷಿಪಟ್ಟವಳು ನಾನು. ನಮ್ಮ ಹುಡುಗಿಗೆ ಕನ್ನಡ ಇದೆಯಲ್ಲ, ಇದೊಂದು ಚಿಂತೆ ಇಲ್ಲ ಅಂದುಕೊಂಡಿದ್ದೆ.

ಪರೀಕ್ಷೆಯ ಪಟ್ಟಿಯಲ್ಲಿ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಚೈನೀಸ್, ಜಪಾನೀಸ್, ಅರಬ್ಬಿ, ಲ್ಯಾಟಿನ್ ಇವೆ. ಕನ್ನಡ ಇಲ್ಲ. ಅಡ್ವೈಸರ್‌ನ ಕೇಳಿದರೆ, "ನಾವು ಪಾಠ ಮಾಡದ ಭಾಷೆಗೆ ಪರೀಕ್ಷೆ ಮಾಡುವುದಿಲ್ಲ, ನಿನಗೆ ಹೈಸ್ಕೂಲಿನ ಸ್ಪ್ಯಾನಿಷ್ ಇದೆಯಲ್ಲ, ಅದನ್ನೇ ಬರಿ" ಅಂದರಂತೆ. ಬರೆದಳು. ಎರಡನೇ ಸೆಮಿಸ್ಟರ್ ಮಟ್ಟ ಅಂತ ಬಂತು. ಅಂದರೆ ಇನ್ನೂ ಮೂರು ಸೆಮಿಸ್ಟರ್, ಒಟ್ಟು 12 ಕ್ರೆಡಿಟ್. ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಕ್ಲಾಸು. ಕೆಮಿಸ್ಟ್ರಿ ಲ್ಯಾಬನ್ನು ಮುಂದಕ್ಕೆ ಹಾಕಬೇಕು. ಫೀಸು ಬೇರೆ.

ಈ ಹುಡುಗಿ ಕನ್ನಡ ಕಲಿತದ್ದು ಹೇಗೆ ಅಂತ ಅವರಿಗೆ ಯಾರು ಹೇಳಬೇಕು? ಆರು ವರ್ಷ, ಪ್ರತಿ ಭಾನುವಾರ, 40 ಮೈಲಿ ದೂರದ ದೇವಸ್ಥಾನದ ಬೇಸ್‌ಮೆಂಟಿಗೆ ಕರೆದುಕೊಂಡು ಹೋಗುತ್ತಿದ್ದೆವು. ಚಳಿಗಾಲದಲ್ಲಿ ಕಾರಿನ ಗಾಜಿನ ಮೇಲಿನ ಮಂಜು ಕೆರೆದು ಹೊರಡಬೇಕು. ಅವಳ ಗೆಳತಿಯರು ಬರ್ತ್‌ಡೇ ಪಾರ್ಟಿಯಲ್ಲಿರುತ್ತಿದ್ದರು, ಇವಳು ಒತ್ತಕ್ಷರ ಬರೆಯುತ್ತಿದ್ದಳು. 'ಳ' ಬರಲಿಕ್ಕೆ ಒಂದು ವರ್ಷ ಹಿಡಿಯಿತು. 'ಹಳ್ಳಿ' ಅನ್ನಲು ಹೋಗಿ 'ಹಲ್ಲಿ' ಅಂದು ಅತ್ತದ್ದೂ ಇದೆ. ಪಾಠ ಹೇಳುತ್ತಿದ್ದವರು ವಾರವೆಲ್ಲ ಆಫೀಸಿನಲ್ಲಿ ದುಡಿದು ಬಂದ ಅಪ್ಪ ಅಮ್ಮಂದಿರು. ಯಾರೂ ಒಂದು ಡಾಲರ್ ತೆಗೆದುಕೊಂಡವರಲ್ಲ.

ಹೋದ ಬೇಸಿಗೆ ಹಾಸನದಲ್ಲಿ ನಮ್ಮ ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ನನಗೆ ರಜೆ ಸಿಗಲಿಲ್ಲ. ಮಗಳು ಹೋದಳು. ನಾಲ್ಕು ವಾರ ಅಜ್ಜಿ ಜೊತೆ ಅವಳೇ ಇದ್ದಳು. ಡಾಕ್ಟರ್ ಹತ್ತಿರ ಮಾತಾಡಿದ್ದು ಅವಳು. ಯಾವ ಡ್ರಾಪ್ಸ್ ಯಾವ ಹೊತ್ತಿಗೆ ಅಂತ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದು ಅವಳು. ರಾತ್ರಿ ಅಜ್ಜಿಗೆ ಪೇಪರ್ ಓದಿ ಹೇಳಿದ್ದೂ ಅವಳೇ. ಇದು ಎಷ್ಟನೇ ಸೆಮಿಸ್ಟರ್ ಮಟ್ಟ? ಹೇಳಲಿ ಯಾರಾದರೂ.

ಅವಳ ರೂಮ್‌ಮೇಟ್ ಮನೆಯಲ್ಲಿ ಸ್ಪ್ಯಾನಿಷ್ ಮಾತಾಡಿ ಬೆಳೆದ ಹುಡುಗಿ. ಮನೆಭಾಷೆಯಾಗಿ ಸ್ಪ್ಯಾನಿಷ್ ಬರುವವರಿಗೆ ಅಂತಲೇ ಅಲ್ಲಿ ಬೇರೆ ಕೋರ್ಸ್ ಇದೆ. ಪ್ಲೇಸ್‌ಮೆಂಟ್‌ನಲ್ಲಿ ನೇರವಾಗಿ ಅದಕ್ಕೆ ಹೋದಳು. ಒಂದೇ ಕೋರ್ಸ್ ಮುಗಿಸಿದ್ದಕ್ಕೆ ಹಿಂದಿನ ಸೆಮಿಸ್ಟರ್‌ಗಳ ಕ್ರೆಡಿಟ್ಟೂ ಸಿಕ್ಕಿತು. ಆ ಮಗುವಿನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವಳಿಗೆ ಸಿಗಬೇಕಾದದ್ದೇ ಸಿಕ್ಕಿದೆ. ಅಡುಗೆಮನೆಯಲ್ಲಿ ಅಮ್ಮನಿಂದ ಕಲಿತ ಭಾಷೆಗೂ ಬೆಲೆ ಇದೆ ಅಂತ ಕಾಲೇಜು ಒಪ್ಪಿದೆ. ಅದೇ ಒಪ್ಪಿಗೆ ನನ್ನ ಮಗಳಿಗೆ ಯಾಕಿಲ್ಲ?

ಇನ್ನೊಂದು ಮಾತು ಕೇಳಿ. "ಭಾರತದಲ್ಲಿ ಕನ್ನಡ ಮೀಡಿಯಂ ಹೈಸ್ಕೂಲು ಮುಗಿಸಿ ಬಂದಿದ್ದರೆ ಮಾರ್ಕ್ಸ್ ಕಾರ್ಡ್ ನೋಡಿಯೇ ವಿನಾಯಿತಿ ಕೊಡುತ್ತಿದ್ದೆವು" ಅಂತ ಕಾಲೇಜಿನವರು ಅಂದರಂತೆ. ಹಾಗಾದರೆ ಕನ್ನಡ ಒಂದು ಭಾಷೆ ಅಂತ ಅವರಿಗೂ ಗೊತ್ತು. ಊರಿನಲ್ಲಿ ಸುತ್ತಮುತ್ತ ಕನ್ನಡ ಕೇಳುತ್ತಾ ಬೆಳೆದವರಿಗೆ ವಿನಾಯಿತಿ. ಸುತ್ತ ಒಂದು ಬೋರ್ಡೂ ಕನ್ನಡದಲ್ಲಿಲ್ಲದ ಕಡೆ ಹುಟ್ಟಿ, ಹಟ ಹಿಡಿದು ಕಲಿತವಳಿಗೆ ಇಲ್ಲ. ಇದಕ್ಕಿಂತ ಅನ್ಯಾಯ ಇದೆಯಾ?

ಬೇರೆ ದಾರಿ ಹುಡುಕಿದೆ. ಕಾಲೇಜು ಕ್ರೆಡಿಟ್ ಕೊಡಿಸುವ ಎಪಿ ಪರೀಕ್ಷೆ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಚೈನೀಸ್, ಜಪಾನೀಸ್, ಲ್ಯಾಟಿನ್‌ಗೆ ಇದೆ. ಭಾರತದ ಒಂದೇ ಒಂದು ಭಾಷೆ ಇಲ್ಲ. ಹಿಂದಿಯೂ ಇಲ್ಲ, ತಮಿಳೂ ಇಲ್ಲ. ಕ್ಲೆಪ್ ಅಂತ ಇನ್ನೊಂದು ಇದೆ, ಅದರಲ್ಲಿ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಮೂರೇ. ಲ್ಯಾಟಿನ್ ಇರಲಿ, ಬೇಡ ಅನ್ನುವುದಿಲ್ಲ. ಆದರೆ 2011ರ ಜನಗಣತಿಯಲ್ಲಿ 4.37 ಕೋಟಿ ಜನ ತಾಯ್ನುಡಿ ಅಂತ ಬರೆಸಿದ ಭಾಷೆಗೆ ಒಂದು ಸಾಲು ಜಾಗ ಸಿಗಲ್ಲ ಅಂದರೆ ಹೇಗೆ? ಹಲ್ಮಿಡಿ ಇರುವುದು ನಮ್ಮ ಹಾಸನ ಜಿಲ್ಲೆಯಲ್ಲೇ. ನಾನು ಶಾಸನ ತೋರಿಸಿ ಗೌರವ ಕೊಡಿ ಅಂತ ಕೇಳುತ್ತಿಲ್ಲ. ಅರ್ಧ ಗಂಟೆ ಪರೀಕ್ಷೆ ಮಾಡಿ ಅಂತಷ್ಟೇ ಕೇಳುತ್ತಿದ್ದೇನೆ.

ಪರೀಕ್ಷೆ ಮಾಡುವವರು ಈ ದೇಶದಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೂ ಇಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕನ್ನಡ ಹೇಳಿಕೊಟ್ಟಿದ್ದಾರೆ. ವಚನಗಳನ್ನು ಇಂಗ್ಲಿಷಿಗೆ ತಂದ ಎ.ಕೆ. ರಾಮಾನುಜನ್ ಷಿಕಾಗೋದಲ್ಲಿ ಮೂವತ್ತು ವರ್ಷ ಪಾಠ ಮಾಡಿದವರು. ವಿಲಿಯಂ ಬ್ರೈಟ್ ಅನ್ನುವ ಅಮೆರಿಕದ ಭಾಷಾ ವಿದ್ವಾಂಸರು 1950ರ ದಶಕದಲ್ಲೇ ನಮ್ಮ ಆಡುಗನ್ನಡವನ್ನು ಕೂತು ಅಭ್ಯಾಸ ಮಾಡಿದ್ದರು. ಈಗ ಒಂದು ವಿಡಿಯೋ ಕಾಲ್ ಸಾಕು. ಬೇರೆ ಕಾಲೇಜಿನ ಪ್ರೊಫೆಸರ್ ಒಬ್ಬರಿಂದ ಪರೀಕ್ಷೆ ಮಾಡಿಸಿ, ಖರ್ಚು ನಾವೇ ಕೊಡುತ್ತೇವೆ ಅಂತ ಬರೆದೆ. ಮೂರು ವಾರ ಬಿಟ್ಟು ಉತ್ತರ ಬಂತು. "ಅಂಥ ವ್ಯವಸ್ಥೆ ನಮ್ಮಲ್ಲಿಲ್ಲ." ಮುಗೀತು.

ಅದೇ ಕಾಲೇಜು ಅಡ್ಮಿಷನ್ ಅರ್ಜಿಯಲ್ಲಿ ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಅಂತ ಕೇಳಿತ್ತು. ಕನ್ನಡ ಅಂತ ಹೆಮ್ಮೆಯಿಂದ ಬರೆದಿದ್ದಳು. ನಮ್ಮ ವಿದ್ಯಾರ್ಥಿಗಳು ಎಷ್ಟೊಂದು ಭಾಷೆ ಮಾತಾಡುತ್ತಾರೆ ನೋಡಿ ಅಂತ ಅವರ ಪುಸ್ತಿಕೆಯಲ್ಲಿ ದೊಡ್ಡದಾಗಿ ಹಾಕಿಕೊಂಡಿದ್ದಾರೆ. ಆ ಎಣಿಕೆಗೆ ಕನ್ನಡ ಬೇಕು. ಕ್ರೆಡಿಟ್ ಕೊಡುವಾಗ ಬೇಡ.

ನಮ್ಮವರ ಮೇಲೂ ಕೋಪ ಇದೆ. ಕ್ಯಾಲಿಫೋರ್ನಿಯಾದಲ್ಲಿ ಕನ್ನಡ ಪೋಷಕರು ಓಡಾಡಿ, ಕೆಲವು ಕಡೆ ಕನ್ನಡ ಕ್ಲಾಸಿಗೆ ಹೈಸ್ಕೂಲ್ ಕ್ರೆಡಿಟ್ ಸಿಗುವ ಹಾಗೆ ಮಾಡಿದ್ದಾರೆ. ಇಲ್ಲಿ ನಮ್ಮ ಊರಿನ ಕನ್ನಡ ಕೂಟದಲ್ಲಿ ಐದು ವರ್ಷದ ಹಿಂದೆಯೇ ಈ ಮಾತು ಎತ್ತಿದ್ದೆ. ದೀಪಾವಳಿ ಮುಗಿಯಲಿ ಅಂದರು, ಯುಗಾದಿ ಮುಗಿಯಲಿ ಅಂದರು. ಊಟದ ಮೆನುಗೆ ಮೂರು ಮೀಟಿಂಗ್ ಆಯಿತು. ಇದಕ್ಕೆ ಒಂದೂ ಆಗಲಿಲ್ಲ.

ಮಗಳು ಸ್ಪ್ಯಾನಿಷ್‌ಗೆ ಹೆಸರು ಹಚ್ಚಿದ್ದಾಳೆ. ಆ ಭಾಷೆ ಕಲಿಯುವುದಕ್ಕೆ ಅವಳಿಗೆ ಬೇಸರ ಇಲ್ಲ. "ಅಮ್ಮ, ಫಾರ್ಮ್‌ನಲ್ಲಿ ನನಗೆ ಬೇರೆ ಯಾವ ಭಾಷೆಯೂ ಬರಲ್ಲ ಅಂತ ಟಿಕ್ ಮಾಡಬೇಕಾಯಿತು" ಅಂದಳು. ಅದು ನನಗೆ ತಡೆಯಲಾಗಲಿಲ್ಲ.

ಮೇಲಿನವರಿಗೆ ಇನ್ನೊಂದು ಅರ್ಜಿ ಬರೆಯುತ್ತಿದ್ದೇನೆ. ನಿಮ್ಮ ಮಕ್ಕಳಿಗೆ ಇಲ್ಲಿನ ಯಾವುದಾದರೂ ಕಾಲೇಜು ಕನ್ನಡವನ್ನು ಎರಡನೇ ಭಾಷೆ ಅಂತ ಒಪ್ಪಿದ್ದರೆ, ಯಾರು ಪರೀಕ್ಷೆ ಮಾಡಿದರು, ಯಾವ ಕಾಗದ ಕೇಳಿದರು ಅಂತ ದಯವಿಟ್ಟು ತಿಳಿಸಿ. ಅರ್ಜಿಯನ್ನು ಶುಕ್ರವಾರದೊಳಗೆ ಕಳಿಸಬೇಕು.