ಅಕ್ಕಿಕಾಳು, ಅರ್ಧ ಮಿಲಿಮೀಟರು ಮತ್ತು ಕಾಕಾನ ಅಂಗೈ

ಫಿಲ್ಮ್ ಕ್ಯಾಮೆರಾದ ಫ್ಲ್ಯಾಶಿಗೆ ಹೊತ್ತುಗೊತ್ತು ಎಂಬುದಿಲ್ಲ. ಕ್ಯಾಮೆರಾದ ನೆತ್ತಿಯ ಮೇಲಿನ ಹಾಟ್ ಶೂ ಎಂಬ ಹಳಿಯೊಳಗೆ ಜಾರಿಸುವಾಗ ಹೊಡೆಯುತ್ತದೆ. ಬೀಗರಿಗೆ ನಮಸ್ಕಾರ ಮಾಡಲು ಬಾಗಿದರೆ ಅವರ ಕಣ್ಣಿಗೇ ಹೊಡೆಯುತ್ತದೆ. ಅಂತರಪಟ ಸರಿದು, ವಾಲಗ ಏರಿ, ಅಕ್ಕಿಕಾಳು ಹಾರಿ, ಶಟರ್ ಒತ್ತಿದ ಆ ಒಂದು ಕ್ಷಣ ಮಾತ್ರ ಮಠದೊಳಗಿನ ಮೌನ. ಮೂವತ್ತಾರರ ರೋಲಿನಲ್ಲಿ ಒಂದು ಫ್ರೇಮು ಕತ್ತಲೆಗೆ ದಾನ. ಫಿಲ್ಮಿನ ಈಗಿನ ರೇಟಿಗೆ ಅದು ಸಣ್ಣ ದಾನವೂ ಅಲ್ಲ.

ಆಗ ಕಾಕಾ ಬರುತ್ತಾರೆ. ಹುಬ್ಬಳ್ಳಿ ಕಡೆಯ ಯಾವ ಕಲ್ಯಾಣ ಮಂಟಪಕ್ಕೇ ಹೋಗಿ, ಈ ಕಾಕಾ ಇದ್ದೇ ಇರುತ್ತಾರೆ. ರೇಡಿಯೋ ಗೊರಗೊರ ಎಂದಾಗ ಅದರ ತಲೆಗೆ, ಟೀವಿ ಪರದೆ ಕುಣಿದಾಗ ಅದರ ಪಕ್ಕೆಗೆ ಬಡಿದು ಪಳಗಿದ ಅಂಗೈ ಅವರದು. "ಒಂದ್ ಹಾಕ್ರಿ ಅದಕ್ಕ, ತಾನಽ ಬರ್ತದ" ಎನ್ನುತ್ತ ನಾವು ಹಾಕುವ ಮೊದಲೇ ತಾವೇ ಹಾಕುತ್ತಾರೆ. ಸಂಕಟವೇನೆಂದರೆ, ಫ್ಲ್ಯಾಶ್ ಹೊಡೆಯುತ್ತದೆ! "ನೋಡ್ರಿ, ಹೆಂಗ ಬಂತು! ನಾ ಹೇಳಿದ್ದೆ ಇಲ್ಲೋ?" ಊಟದ ಪಂಕ್ತಿಯಲ್ಲಿ ಹೋಳಿಗೆ ಬರುವ ಹೊತ್ತಿಗೆ ಆ ಏಟಿನ ಕಥೆ ಮೂರು ಸಲ ಆಗಿರುತ್ತದೆ. ಮುಂದಿನ ಫ್ರೇಮಿಗೆ ಫ್ಲ್ಯಾಶ್ ಮತ್ತೆ ಮೌನ, ಕಾಕಾ ಮತ್ತೆ ಹಾಜರು. ಹತ್ತನೆಯ ಏಟಿಗೆ ಫ್ಲ್ಯಾಶಿನ ಪ್ಲಾಸ್ಟಿಕ್ ಕಾಲು ಲಟಕ್ಕನೆ ಮುರಿಯುತ್ತದೆ. ಕಾಲು ಕ್ಯಾಮೆರಾದಲ್ಲಿ, ತಲೆ ಕೈಯಲ್ಲಿ, ನಡುವೆ ಎರಡು ವೈರು. "ಮೊದ್ಲಽ ಸಡ್ಲ ಇತ್ತಪಾ ಅದು" ಎಂದು ಕಾಕಾ ಮಜ್ಜಿಗೆಯ ಕಡೆ ಸರಿಯುತ್ತಾರೆ.

ಅವರು ಹೇಳಿದ್ದು ನಿಜವೇ, ಅದು ಸಡಿಲವೇ ಇತ್ತು. ಹಾಟ್ ಶೂಗೆ ಐಎಸ್ಒ 518 ಎಂಬ ಅಂತರರಾಷ್ಟ್ರೀಯ ಅಳತೆಯುಂಟು: ಫ್ಲ್ಯಾಶಿನ ಕಾಲು ಸುಮಾರು 18.6 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪ. ಶೂನ ನಡುವಿನ ಲೋಹದ ಚುಕ್ಕೆಗೆ ಫ್ಲ್ಯಾಶಿನ ಪಿನ್ನು ತಾಗಬೇಕು, ಪಕ್ಕದ ಹಳಿಗಳಿಗೆ ಅರ್ಥ್ ತಾಗಬೇಕು. ಶಟರ್ ಒತ್ತಿದಾಗ ಕ್ಯಾಮೆರಾ ಒಳಗೆ ಇವೆರಡನ್ನೂ ಕೂಡಿಸುತ್ತದೆ, ಕೂಡಿದರೇ ಬೆಳಕು. ಕಾಲು ಪೂರ್ತಿ ಒಳಗೆ ಹೋಗದೆ ತುಸು ಹಿಂದೆ ನಿಂತರೆ ಪಿನ್ನು ಚುಕ್ಕೆಯನ್ನು ಬಿಟ್ಟು ಶೂನ ಲೋಹದ ತಳಕ್ಕೆ ತಾಗುತ್ತದೆ. ಆ ತಳವೂ ಅರ್ಥ್, ಅದಕ್ಕೇ ಬಾಗಿದಾಗೆಲ್ಲ ಬೀಗರ ಕಣ್ಣಿಗೆ ಹೊಡೆಯುವುದು. ಕಾಕಾನ ಏಟು ಮಾಡುವುದು ಇಷ್ಟೇ: ಕಾಲನ್ನು ಅರ್ಧ ಮಿಲಿಮೀಟರ್ ಮುಂದೆ ತಳ್ಳುತ್ತದೆ.

ಆ ಅರ್ಧ ಮಿಲಿಮೀಟರಿನಲ್ಲಿ ಕೂತವರು ಯಾರು? ಹಲವು ಸಲ, ಅಕ್ಕಿಕಾಳು. ಹೋದ ಲಗ್ನದ್ದು, ಅರಿಶಿನದ ಸಮೇತ, ಚೀಲದ ತಳದಿಂದ ಹಳಿಯ ಮುಂತುದಿಗೆ ಬಂದು ಕುಂತಿರುತ್ತದೆ. ಹಲ್ಲುಕಡ್ಡಿಯಿಂದ ಎಬ್ಬಿಸಿ. ಸೇಫ್ಟಿ ಪಿನ್ನು ಬೇಡ, ಅದು ಗೀರುತ್ತದೆ.

ಕಾಳು ಇಲ್ಲವೆ? ಹಾಗಾದರೆ ಫ್ಲ್ಯಾಶನ್ನು ಬಿಚ್ಚಿ ಟೆಸ್ಟ್ ಬಟನ್ ಒತ್ತಿ. ಹೊಡೆದರೆ ಸೆಲ್ಲು, ಟ್ಯೂಬು ನಿರ್ದೋಷಿ. ಕ್ಯಾಮೆರಾದ ಪಿಸಿ ಸಾಕೆಟ್ಟಿಗೆ, ಅಂದರೆ ಫ್ಲ್ಯಾಶ್ ವೈರಿನ ತೂತಿಗೆ, ವೈರು ಹಾಕಿ ಶಟರ್ ಒತ್ತಿ. ವೈರಿನಲ್ಲಿ ಹೊಡೆದು ಶೂನಲ್ಲಿ ಹೊಡೆಯದಿದ್ದರೆ ಕಳ್ಳ ಶೂನಲ್ಲೇ ಇದ್ದಾನೆ. ಚುಕ್ಕೆಯನ್ನೂ ಹಳಿಗಳ ಒಳಮೈಯನ್ನೂ ಪೆನ್ಸಿಲ್ ರಬ್ಬರಿನಿಂದ ತಿಕ್ಕಿ, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ. ಧಾರವಾಡದ ಮಳೆಗಾಲ ಕಂಡ ಕ್ಯಾಮೆರಾಕ್ಕೆ ಕಿಲುಬು ಹತ್ತಿರುತ್ತದೆ. ಫ್ಲ್ಯಾಶ್ ಆಫ್ ಮಾಡಿ ಕಾಲಿನ ಪಿನ್ನನ್ನು ರಬ್ಬರಿನ ತುದಿಯಿಂದ ಅದುಮಿ. ಒಳಗೆ ಹೋಗಿ ಪುಟಿದು ಬರಬೇಕು, ಬಾರದಿದ್ದರೆ ಒಂದು ಹನಿ ಸ್ಪಿರಿಟ್. ಬೆರಳು ಮಾತ್ರ ಬೇಡ. ಹಳೆಯ ಕೆಲವು ಫ್ಲ್ಯಾಶುಗಳ ಪಿನ್ನಿನಲ್ಲಿ 200 ವೋಲ್ಟಿಗೂ ಹೆಚ್ಚು ಕೂತಿರುತ್ತದೆ. ಇಷ್ಟೆಲ್ಲ ದುರ್ಗದಬೈಲಿನಲ್ಲಿ ಒಂದು ಗಿರ್ಮಿಟ್ ತಿನ್ನುವಷ್ಟು ಹೊತ್ತಿನ ಕೆಲಸ.

ಆದರೆ ನಮ್ಮ ಮಂದಿ ಮೊದಲು ಕೈ ಹಾಕುವುದು ಲಗ್ನಪತ್ರಿಕೆಗೆ. ಅದರ ಮೂಲೆ ಹರಿದು, ಮಡಚಿ, ಕಾಲಿನ ಕೆಳಗೆ ತುರುಕುತ್ತಾರೆ. ಫ್ಲ್ಯಾಶ್ ಬಂಡೆಯಂತೆ ಗಟ್ಟಿ ನಿಲ್ಲುತ್ತದೆ, ಪಿನ್ನಿನ ಅಡಿಯಲ್ಲಿ "ಶ್ರೀ ಗಣೇಶಾಯ ನಮಃ" ಕೂತು ಕರೆಂಟನ್ನು ತಡೆಯುತ್ತದೆ. ಇದಕ್ಕಿಂತ ಜಾಣರು ಸಿಗರೇಟಿನ ಬೆಳ್ಳಿ ಕಾಗದ ಇಡುತ್ತಾರೆ. ಪಿನ್ನು, ಅರ್ಥ್ ಎರಡೂ ಕೂಡಿಕೊಂಡು ಫ್ಲ್ಯಾಶ್ ಒಮ್ಮೆ ಹೊಡೆದು ಮುಷ್ಕರ ಹೂಡುತ್ತದೆ. ಕಾಗದವೇ ಬೇಕೆಂದರೆ ತೆಳ್ಳಗಿರಲಿ, ಪಿನ್ನಿನ ಜಾಗದಲ್ಲಿ ತೂತಿರಲಿ. ಬುಡದ ಚಕ್ರವನ್ನು ಹಳಿ ಹಿಡಿಯುವ ತನಕ ಬೆರಳಲ್ಲೇ ತಿರುಗಿಸಿ. ಇಕ್ಕಳ ಹಾಕಿದವರು ಕಾಕಾನ ಸಂಬಂಧಿಕರೇ.

ಕೆಲವು ಜೋಡಿಗಳಿಗೆ ಜಾತಕವೇ ಕೂಡುವುದಿಲ್ಲ. ಮಿನೋಲ್ಟಾ ಕಂಪನಿ 1988ರಲ್ಲಿ ತನ್ನದೇ ಬೇರೆ ಆಕಾರದ ಶೂ ತಂದಿತು. ನಿಕಾನ್ ಎಫ್3ಯ ಶೂ ರಿವೈಂಡ್ ಹಿಡಿಕೆಯ ಸುತ್ತ ಇದೆ. ಅಡಾಪ್ಟರ್ ಇಲ್ಲದೆ ಎಷ್ಟು ತುರುಕಿದರೂ ಸುಖವಿಲ್ಲ.

ಎಲ್ಲ ಕೂಡಿ ಹೊಡೆದ ಮೇಲೂ ಅರ್ಧ ಫೋಟೋ ಕಪ್ಪಾಗಬಹುದು. ಪೆಂಟಾಕ್ಸ್ ಕೆ1000ಕ್ಕೆ 1/60 ಸೆಕೆಂಡು, ಝೆನಿಟ್-ಇ ಬಗೆಯವಕ್ಕೆ 1/30, ಅದಕ್ಕಿಂತ ವೇಗ ಇಟ್ಟರೆ ಫ್ಲ್ಯಾಶ್ ಹೊಡೆಯುವಾಗ ಶಟರಿನ ಪರದೆ ಪೂರ್ತಿ ತೆರೆದಿರುವುದಿಲ್ಲ. ಈ ಎರಡರಲ್ಲೂ ಪರದೆ ಅಡ್ಡ ಓಡುತ್ತದೆ. ಹಾಗಾಗಿ ಹೆಣ್ಣಿನ ಕಡೆಯವರು ಬೆಳಗಿ, ಗಂಡಿನ ಕಡೆಯವರು ಕತ್ತಲೆಯಲ್ಲಿ ಉಳಿದರೆ ಅದು ಬೀಗತನದ ತಕರಾರಲ್ಲ, ವೇಗದ ಡಯಲಿನದು. ಫಿಲ್ಮ್ ಹಾಕುವ ಮೊದಲೇ ಹಿಂಬಾಗಿಲು ತೆರೆದು, ಲೆನ್ಸಿನ ಕಿಂಡಿಯನ್ನು ಪೂರ್ತಿ ಅಗಲಿಸಿ, ಬಿಳಿ ಗೋಡೆಗೆ ಒಮ್ಮೆ ಹೊಡೆದು ಹಿಂದಿನಿಂದ ನೋಡಿ. ಇಡೀ ಚೌಕ ಬೆಳಗಿದರೆ ಸರಿ.

ಆಮೇಲೆ ಫ್ಲ್ಯಾಶ್ ಚಾರ್ಜ್ ಆಗುವ ಆ ಕುಂಯ್ ಎನ್ನುವ ಸದ್ದು ಏರುತ್ತ ಏರುತ್ತ ಕಿವಿಗೆ ಸಿಗದಷ್ಟು ಸಣ್ಣದಾಗಿ, ಬ್ಯಾಡಗಿ ಮೆಣಸಿನಕಾಯಿ ಬಣ್ಣದ ಪುಟ್ಟ ದೀಪ ಹತ್ತುತ್ತದೆ. ಅದು ಹತ್ತುವ ತನಕ ಇಡೀ ಮನೆತನ ಉಸಿರು ಬಿಗಿಹಿಡಿದು, ನಕ್ಕ ಮುಖವನ್ನು ನಕ್ಕಂತೆಯೇ ಇಟ್ಟುಕೊಂಡು ನಿಲ್ಲುತ್ತಿತ್ತು. ಸೆಲ್ಲು ಹಳೆಯದಾದಷ್ಟೂ ನಗು ಉದ್ದ. ಆ ಹೊತ್ತಿನಲ್ಲೇ ಆಯಿ ಸೆರಗು ಸರಿಮಾಡಿಕೊಳ್ಳುತ್ತಿದ್ದರು, ಹುಡುಗರು ಒಬ್ಬರನ್ನೊಬ್ಬರು ಚಿವುಟುವುದನ್ನು ನಿಲ್ಲಿಸುತ್ತಿದ್ದರು. ಮೊಬೈಲಿನಲ್ಲಿ ಅಷ್ಟು ಹೊತ್ತು ಯಾರೂ ಯಾರಿಗಾಗಿಯೂ ನಿಲ್ಲುವುದಿಲ್ಲ.

ಮುಂದಿನ ಲಗ್ನಕ್ಕೆ ಹೊರಡುವಾಗ ಜೇಬಿನಲ್ಲಿ ರಬ್ಬರು, ಹಲ್ಲುಕಡ್ಡಿ, ನಾಲ್ಕು ಹೊಸ ಸೆಲ್ಲು ಇರಲಿ. ಚೀಲವನ್ನು ತಲೆಕೆಳಗು ಮಾಡಿ ಜಾಡಿಸಿ. ಕಾಕಾ ಎದ್ದು ಬರುವುದು ಕಂಡರೆ ಕ್ಯಾಮೆರಾವನ್ನು ಬೆನ್ನ ಹಿಂದೆ ಮಾಡಿ, ಅವರ ಆ ಕೈಗೆ ಒಂದು ಎಲೆಅಡಿಕೆ ಕೊಡಿ.